ಲೆನ್ಸ್ ಮಾರಿಬಿಡಲಾ? 500 ಎಂಎಂನಲ್ಲಿ ಒಂದು ಹಕ್ಕಿಯೂ ಶಾರ್ಪ್ ಬರ್ತಿಲ್ಲ

ಕೆರೆಏರಿ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ಮನೆ ಓದಿಕೊಂಡಿದ್ದೆ, ಇವತ್ತು ಸಂಕಟ ತಡೆಯಲಾರದೆ ಬರೀತಿದ್ದೀನಿ.

ಆರು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು 200-500 ಎಫ್/5.6 ಲೆನ್ಸ್ ತಗೊಂಡೆ. ಬಾಡಿ ಹಳೇ ಕ್ರಾಪ್ ಸೆನ್ಸರ್ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರ್) ಡಿಎಸ್‌ಎಲ್‌ಆರ್. ಹೋದ ವಾರ ಮೈದನಹಳ್ಳಿ, ಇವತ್ತು ರಂಗನತಿಟ್ಟು. ಎರಡೂ ಸೇರಿ 1,400 ಫೋಟೊ. ಇಟ್ಕೊಳ್ಳೋ ಹಾಗಿರೋದು 11. ಕ್ಯಾಮೆರಾ ಸ್ಕ್ರೀನಲ್ಲಿ ನೋಡಿದ್ರೆ ಎಲ್ಲಾ ಅದ್ಭುತ, ಮನೆಗೆ ಬಂದು ಕಂಪ್ಯೂಟರಲ್ಲಿ ತೆರೆದ್ರೆ ಹಕ್ಕಿ ಕಣ್ಣು ಎಣ್ಣೆ ಸವರಿದ ಗಾಜಿನ ಹಿಂದೆ ಇದ್ದ ಹಾಗೆ ಕಾಣುತ್ತೆ.

ಮೂರು ಫೋಟೊ ಹಾಕಿದ್ದೀನಿ, ಮೂರೂ 500 ಎಂಎಂ, ಅಪರ್ಚರ್ ಎಫ್/5.6.
ಮೊದಲನೇದು: ದೋಣಿಯಿಂದ ಚಮಚಕೊಕ್ಕು, ಶಟರ್ 1/320 ಸೆಕೆಂಡ್, ಐಎಸ್‌ಓ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 400.
ಎರಡನೇದು: ಕೃಷ್ಣಮೃಗ, ಬೆಳಗ್ಗೆ 11 ಗಂಟೆ, 1/1250, ಐಎಸ್‌ಓ 200.
ಮೂರನೇದು: ಬೇಲಿ ತಂತಿ ಮೇಲೆ ಕಳ್ಳಿಪೀರ, 1/1000, ಐಎಸ್‌ಓ 400, ಐದು ಮೀಟರ್ ದೂರ ಇರಬಹುದು.

ಲೆನ್ಸೇ ಸಾಫ್ಟ್ ಅಂತ ನನ್ನ ಅನುಮಾನ. ಮಾರಿ ಬೇರೆ ತಗೊಳ್ಳಲಾ?

ಗೀಜಗ_23 · ರಾತ್ರಿ 9:52

ಮಾರೋದಾದ್ರೆ ಮೊದಲು ನನಗೆ ಹೇಳಿ ಸಾರ್ 😀

ಹಳೇಟ್ರೈಪಾಡ್ · ರಾತ್ರಿ 10:31

ಮಾರಬೇಡಿ. ಗೀಜಗನಿಗಂತೂ ಮಾರಲೇಬೇಡಿ.

ಮೂರೂ ಫೋಟೊ ದೊಡ್ಡದು ಮಾಡಿ ನೋಡಿದೆ. ಮೂರೂ ಮಂಜು, ಆದ್ರೆ ಮೂರು ಬೇರೆ ಬೇರೆ ಜಾತಿ ಮಂಜು. ಲೆನ್ಸ್ ಕೆಟ್ಟಿದ್ರೆ ಮೂರೂ ಒಂದೇ ಥರ ಕೆಟ್ಟಿರಬೇಕಿತ್ತು. ಜ್ವರ ಅಂತ ಬಂದವರಿಗೆಲ್ಲ ಒಂದೇ ಮಾತ್ರೆ ಕೊಡೋಕಾಗಲ್ಲ ಅಲ್ವಾ?

ಮೊದಲನೇದು ನೋಡಿ. ಕೊಕ್ಕಿನ ಅಂಚಿಗೆ ಜೋಡಿ ಗೆರೆ ಇದೆ, ನೀರಿನ ಮೇಲಿನ ಮಿನುಗು ಚುಕ್ಕಿಗಳೆಲ್ಲ ಒಂದೇ ದಿಕ್ಕಿಗೆ ಎಳೆದ ಪುಟ್ಟ ಗೀಟುಗಳಾಗಿವೆ. ಹಕ್ಕಿ, ನೀರು, ಕಲ್ಲು ಎಲ್ಲಾ ಒಂದೇ ಕಡೆಗೆ ಜಾರಿದ್ರೆ ಅಲುಗಿದ್ದು ನೀವು. ಕ್ರಾಪ್ ಸೆನ್ಸರಲ್ಲಿ 500 ಅಂದ್ರೆ ನೋಟದ ಲೆಕ್ಕಕ್ಕೆ 750. ನಿಮ್ಮ ಫ್ರೇಮಿನ ಅಗಲ ಮೂರು ಡಿಗ್ರಿಗೂ ಕಡಿಮೆ, ಹುಣ್ಣಿಮೆ ಚಂದ್ರನನ್ನ ಪಕ್ಕಪಕ್ಕ ಐದು ಸಲ ಜೋಡಿಸಿದಷ್ಟು. ಅಷ್ಟು ಸಣ್ಣ ಕಿಂಡಿಯಿಂದ ನೋಡುವಾಗ ಉಸಿರಾಡಿದ್ರೂ ಲೋಕ ಅಲ್ಲಾಡುತ್ತೆ. ಲೆನ್ಸ್ ಎಷ್ಟು ಎಂಎಂ ಆಗುತ್ತೋ ಶಟರ್ ಒಂದು ಸೆಕೆಂಡಿನ ಅಷ್ಟನೇ ಒಂದು ಭಾಗ ಅನ್ನೋ ಹಳೇ ಲೆಕ್ಕ ಹಿಡಿದ್ರೂ 1/750 ಆದ್ರೂ ಬೇಕು, ಅದೂ ಗಟ್ಟಿ ನೆಲದ ಮೇಲೆ ನಿಂತಾಗ. ನೀವು ತೇಲೋ ದೋಣಿಯಲ್ಲಿ 1/320 ಇಟ್ಟಿದ್ದೀರಿ.

ಎರಡನೇದು ಬಿಸಿಲಿನ ಕೆಲಸ. ಅದನ್ನ ಮೈದನಹಳ್ಳಿ ಕಡೆಯವರೇ ಹೇಳಲಿ.

ಮೂರನೇದು ಫೋಕಸ್. ಕಳ್ಳಿಪೀರದ ಕಣ್ಣು ಬಿಟ್ಟು ಅದರ ಹಿಂದಿನ ಒಣ ಹುಲ್ಲಿನ ಕಡ್ಡಿ ನೋಡಿ, ಕೂದಲೆಳೆ ಹಾಗೆ ಶಾರ್ಪ್ ಇದೆ! ಅಂದ್ರೆ ನಿಮ್ಮ ಲೆನ್ಸಿಗೆ ಶಾರ್ಪ್ ಬಿಡಿಸೋದು ಗೊತ್ತು, ಬಿಡಿಸಿದ ಜಾಗ ತಪ್ಪು. ಐದು ಮೀಟರಲ್ಲಿ ಎಫ್/5.6ಗೆ ನಿಮಗೆ ಶಾರ್ಪ್ ಆಗಿ ಸಿಗೋ ಆಳ ಹೆಚ್ಚು ಕಮ್ಮಿ ಎರಡು ಸೆಂಟಿಮೀಟರ್. ಕಳ್ಳಿಪೀರ ಗುಬ್ಬಚ್ಚಿಗಿಂತ ಸ್ವಲ್ಪ ಉದ್ದ ಅಷ್ಟೇ, ಆದ್ರೂ ಓರೆಯಾಗಿ ಕೂತ್ರೆ ಅದರ ಕೊಕ್ಕೂ ಬಾಲವೂ ಒಟ್ಟಿಗೆ ಆ ಎರಡು ಸೆಂಟಿಮೀಟರೊಳಗೆ ಹಿಡಿಸಲ್ಲ.

ಒಂದು ಪ್ರಶ್ನೆ: ಲೆನ್ಸ್ ಮುಂದೆ ಫಿಲ್ಟರ್ ಇದೆಯಾ? ಹಿಂದಿನ ಹುಲ್ಲುಗಳು ಜೋಡಿ ಜೋಡಿ ತಂತಿ ಹಾಗೆ ಕಾಣ್ತಿವೆ, ಅದು ನನಗೆ ಹಿಡಿಸಲಿಲ್ಲ.

ಕೆರೆಏರಿ · ರಾತ್ರಿ 10:48

ಫಿಲ್ಟರ್ ಇದೆ ಸಾರ್. ಲೆನ್ಸ್ ಮಾರಿದವರೇ "ರಕ್ಷಣೆಗೆ ಇರಲಿ" ಅಂತ ಯುವಿ ಫಿಲ್ಟರ್ ಹಾಕಿಕೊಟ್ಟಿದ್ರು, ಫ್ರೀ.

ಐಎಸ್‌ಓ 400 ದಾಟಿದ್ರೆ ನಾಯ್ಸ್ (ಚಿತ್ರದ ಮೇಲೆ ಕಾಳು ಕಾಳು ಚುಕ್ಕಿ) ಬರುತ್ತೆ ಅಂತ ಅಲ್ಲಿಗೇ ಕಟ್ಟಿ ಹಾಕಿದ್ದೀನಿ. ತಪ್ಪಾ?

ಕಾಳಿ_ಕಣಿವಿ · ರಾತ್ರಿ 11:15

ತಪ್ಪಂದ್ರ ತಪ್ಪರೀ! ನಾಯ್ಸ್ ಬಂದ್ರ ಸಾಫ್ಟ್‌ವೇರ್ ತೆಗೀತದ. ಅಲುಗಿದ್ದನ್ನ ಯಾವ ದೇವರೂ ತೆಗಿಯೂದಿಲ್ಲ.

ನಮ್ಮ ಗಣೇಶಗುಡಿ ಕಡೆ ಬಂದು ನೋಡ್ರಿ. ಹಕ್ಕಿ ನೀರು ಕುಡಿಯೂ ತೊಟ್ಟಿ ಮುಂದ ಕುಂತ್ರ ಮುಂಜಾನೆ ಎಂಟಕ್ಕೂ ಕಾಡಿನಾಗ ಕತ್ತಲಿ. ಐಎಸ್‌ಓ 3200 ನಮಗ ದಿನಾ ಊಟ ಇದ್ದಂಗ. ನಾ ಮ್ಯಾನ್ಯುಯಲ್ ಮೋಡಿನಾಗ ಶಟರ್ ಮತ್ತ ಅಪರ್ಚರ್ ನಾನ ಹಿಡಿತೀನಿ, ಐಎಸ್‌ಓ ಆಟೋ ಬಿಡ್ತೀನಿ, ಮ್ಯಾಲಿನ ಮಿತಿ 6400. ಫೋಟೊ ಕಪ್ಪಗ ತಗದು ಆಮ್ಯಾಲೆ ಕಂಪ್ಯೂಟರಿನಾಗ ಬೆಳಕ ಏರಿಸಿದ್ರ ಇನ್ನೂ ಕೆಟ್ಟ ನಾಯ್ಸ್ ಬರ್ತದ, ಅದರಕಿಂತ ಐಎಸ್‌ಓ ಏರಿಸಿ ಸರಿ ಬೆಳಕಿಗೆ ತಗಿಯೂದ ಚಲೋ.

ಹಂಗಂತ ಎಲ್ಲಾದಕ್ಕೂ 1/2000 ಬ್ಯಾಡ. ಮಂಗಟ್ಟಿ ಹಣ್ಣು ತಿಂದು ಸುಮ್ನ ಕುಂತಿದ್ರ, ನಿಮ್ಮ ಲೆನ್ಸ್ ಚೀಲದ ಮ್ಯಾಲೆ ಊರಿದ್ರ, 1/200ಕ್ಕೂ ಬರ್ತದ. ಹತ್ತು ತಗೀರಿ, ಎರಡು ಸಿಗ್ತಾವ.

ಬಯಲುಸೀಮೆ · ಸೋಮವಾರ ಬೆಳಗ್ಗೆ 6:20

ಎರಡನೇ ಫೋಟೊ ನನ್ನ ಪಾಲಿಗೆ ಬಂತು. ನಾನು ಮಧುಗಿರಿ ಕಡೆಯವನು, ಮೈದನಹಳ್ಳಿಯ ಜಯಮಂಗಲಿ ಹುಲ್ಲುಗಾವಲಿಗೆ ಹೋಗಿ ಇದೇ ಪೆಟ್ಟು ನೂರು ಸಲ ತಿಂದಿದ್ದೀನಿ.

ಕೃಷ್ಣಮೃಗದ ಕೊಂಬು ನೋಡಿ. ತಿರುಚಿದ ಕೊಂಬಿನ ಉಂಗುರಗಳು ಒಂದು ಕಡೆ ದಪ್ಪ, ಇನ್ನೊಂದು ಕಡೆ ಕರಗಿದ ಹಾಗೆ. ಇದೇ ಸಾಲಿನಲ್ಲಿ ತೆಗೆದ ಹತ್ತು ಫ್ರೇಮ್ ನಿಮ್ಮ ಹತ್ರ ಇದ್ರೆ ಒಂದಾದ ಮೇಲೆ ಒಂದು ನೋಡಿ. ಒಂದೊಂದರಲ್ಲೂ ಕೊಂಬು ಬೇರೆ ಥರ ಸೊಟ್ಟಗಿದ್ರೆ ಅದು ಕೈ ಅಲುಗಿದ್ದಲ್ಲ, ಫೋಕಸ್ಸೂ ಅಲ್ಲ. ಅದು ಬಿಸಿಲ್ಗುದುರೆ.

ನೆಲ ಕಾಯುತ್ತೆ, ನೆಲದ ಮೇಲಿನ ಗಾಳಿ ಕಾದು ಏಳುತ್ತೆ, ಅದರ ಸಂದಿನಲ್ಲಿ ತಣ್ಣನೆ ಗಾಳಿ ಇಳಿಯುತ್ತೆ. ಬಿಸಿ ಗಾಳಿ ಬೆಳಕನ್ನ ಬಗ್ಗಿಸೋದು ಒಂಥರ, ತಣ್ಣನೆ ಗಾಳಿ ಇನ್ನೊಂಥರ. ನಿಮಗೂ ಜಿಂಕೆಗೂ ನಡುವೆ 150 ಮೀಟರ್ ಇದ್ರೆ ಅಷ್ಟುದ್ದಕ್ಕೂ ಕುದಿಯೋ ಗಾಜಿನ ತುಂಡುಗಳು ಓಡಾಡ್ತಿವೆ ಅಂತ ಇಟ್ಕೊಳ್ಳಿ. ಅದರ ಮುಂದೆ ಹತ್ತು ಲಕ್ಷದ ಲೆನ್ಸೂ ಒಂದೇ, ನಿಮ್ಮದೂ ಒಂದೇ. ಇನ್ನೂ ಚೆನ್ನಾಗಿರೋ ಲೆನ್ಸ್ ಆ ಕುದಿತವನ್ನೇ ಇನ್ನೂ ಸ್ಪಷ್ಟವಾಗಿ ತೋರಿಸುತ್ತೆ ಅಷ್ಟೇ.

ಪರೀಕ್ಷೆ ಸುಲಭ. ಲೈವ್ ವ್ಯೂ (ಹಿಂದಿನ ಸ್ಕ್ರೀನಲ್ಲೇ ನೇರ ನೋಟ) ಹಾಕಿ, ಪೂರ್ತಿ ಝೂಮ್ ಮಾಡಿ ಹತ್ತು ಸೆಕೆಂಡ್ ನೋಡಿ. ಪ್ರಾಣಿ ಹೊಳೆಯೊಳಗಿನ ಕಲ್ಲಿನ ಹಾಗೆ ನಡುಗ್ತಿದ್ರೆ ಕ್ಯಾಮೆರಾ ಚೀಲಕ್ಕೆ ಹಾಕಿ ಟೀ ಕುಡೀರಿ. ಬೇಸಿಗೆಯಲ್ಲಿ ನನ್ನ ಅಂಗಡಿ ಎಂಟೂವರೆಗೆ ಬಂದ್! ಮತ್ತೆ ತೆರೆಯೋದು ಸಂಜೆ ಐದಕ್ಕೆ. ಹೊಟ್ಟೆ ಮೇಲೆ ಮಲಗಿ ತೆಗೆಯೋ ಚಟ ಇದ್ರೆ ಇನ್ನೂ ಬೇಗ ಮುಚ್ಚಬೇಕು, ನೆಲಕ್ಕೆ ಹತ್ತಿರ ಇದ್ದಷ್ಟೂ ಕುದಿತ ಜಾಸ್ತಿ. ಜೀಪಿನ ಕಾದ ಬಾನೆಟ್ ಮೇಲಿಂದ ಗುರಿ ಇಟ್ಟರೂ ಇದೇ ಕಥೆ.

ಮಿನೆಸೋಟ_ಕನ್ನಡಿಗ · ಸೋಮವಾರ ಸಂಜೆ 7:05

ಬಯಲುಸೀಮೆಯವರ ಮಾತಿಗೆ ತದ್ವಿರುದ್ಧ ಜಾಗದಿಂದ ಒಂದು ಸಾಕ್ಷಿ. ಇಲ್ಲಿ ಡುಲುತ್ ಹತ್ತಿರ ಸ್ಯಾಕ್ಸ್-ಝಿಮ್ ಅಂತ ಜೌಗು ಪ್ರದೇಶ ಇದೆ, ಚಳಿಗಾಲದಲ್ಲಿ ದೊಡ್ಡ ಬೂದು ಗೂಬೆ ನೋಡೋಕೆ ಜನ ಬರ್ತಾರೆ. ಸೊನ್ನೆಗಿಂತ 25 ಡಿಗ್ರಿ ಕೆಳಗೆ, ಹಿಮ, ಮೋಡ, ಬಿಸಿಲಿನ ಹೆಸರೇ ಇಲ್ಲ. ಆದ್ರೂ ಮೊದಲ ವರ್ಷ ನನ್ನ ಗೂಬೆಗಳೆಲ್ಲ ಮಂಜು.

ಕಾರಣ ನನ್ನ ಕಾರು. ಹೀಟರ್ ಹಾಕಿಕೊಂಡು ಕಿಟಕಿ ಇಳಿಸಿ ಲೆನ್ಸ್ ಹೊರಗಿಟ್ಟಿದ್ದೆ. ಒಳಗಿನ ಬಿಸಿಗಾಳಿ ಕಿಟಕಿಯಿಂದ ಹೊರಗೆ ನುಗ್ಗಿ ಲೆನ್ಸ್ ಮುಂದೆಯೇ ಚಳಿಗಾಳಿ ಜೊತೆ ಕಲೆಸ್ತಿತ್ತು. ಬೆಚ್ಚಗಿನ ಲೆನ್ಸಿನ ಹುಡ್ ಒಳಗೂ ಅದೇ ಆಟ. ಈಗ ಹೀಟರ್ ಆರಿಸಿ, ಕಾಲು ಗಂಟೆ ಕಿಟಕಿಗಳನ್ನೆಲ್ಲ ತೆರೆದು, ಹಲ್ಲು ಕಟಕಟ ಅನ್ನಿಸ್ಕೊಂಡು ಕೂತಿರ್ತೀನಿ. ಗೂಬೆ ಶಾರ್ಪ್, ನಾನು ಮರಗಟ್ಟಿದ ಕೊರಡು.

ಹಳೇಟ್ರೈಪಾಡ್ · ಸೋಮವಾರ ರಾತ್ರಿ 8:30

ಕೆರೆಏರಿ, ನಾಳೆ ಬೆಳಗ್ಗೆ ಹಕ್ಕಿ ಹುಡುಕಿಕೊಂಡು ಹೋಗಬೇಡಿ. ಮನೆ ತಾರಸಿ ಮೇಲೆ ಹೀಗೆ ಮಾಡಿ.

ಗೋಡೆ ಕ್ಯಾಲೆಂಡರ್ ಒಂದನ್ನ ಹತ್ತು ಮೀಟರ್ ದೂರದಲ್ಲಿ ತೂಗಿ ಹಾಕಿ, ಗಾಳಿಗೆ ಅಲುಗದ ಹಾಗೆ ಕ್ಲಿಪ್ ಹಾಕಿ. ಪಂಚಾಂಗ ಇರೋದು ಒಳ್ಳೇದು, ಅಕ್ಷರ ಸಣ್ಣ. ಕ್ಯಾಮೆರಾ ಟ್ರೈಪಾಡ್ ಮೇಲೆ, ವಿಆರ್ (ಕೈ ನಡುಕ ತಡೆಯೋ ಲೆನ್ಸಿನ ಸ್ವಿಚ್) ಆಫ್, ಟೈಮರ್ ಆನ್. ಮೊದಲು ಲೈವ್ ವ್ಯೂನಲ್ಲಿ ಫೋಕಸ್ ಮಾಡಿ ಹತ್ತು ತೆಗೀರಿ. ಆಮೇಲೆ ವ್ಯೂಫೈಂಡರಲ್ಲಿ ಹತ್ತು. ಪ್ರತಿ ಸಲ ಫೋಕಸ್ ಕೆಡಿಸಿ ಮತ್ತೆ ಹಿಡೀಬೇಕು. ಫಿಲ್ಟರ್ ಇಟ್ಟು ಒಂದು ಸುತ್ತು, ತೆಗೆದು ಒಂದು ಸುತ್ತು.

ಡಿಎಸ್‌ಎಲ್‌ಆರ್‌ನಲ್ಲಿ ವ್ಯೂಫೈಂಡರ್ ಮೂಲಕ ಫೋಕಸ್ ಮಾಡೋವಾಗ ಅದನ್ನ ಅಳೆಯೋದು ಬೇರೆ ಸೆನ್ಸರ್, ಚಿತ್ರ ಬೀಳೋದು ಬೇರೆ ಸೆನ್ಸರ್ ಮೇಲೆ. ಆ ಎರಡರ ನಡುವೆ ಒಂದು ಎಳೆಯಷ್ಟು ವ್ಯತ್ಯಾಸ ಇದ್ರೂ 500 ಎಂಎಂನಲ್ಲಿ ಎದ್ದು ಕಾಣುತ್ತೆ. ಲೈವ್ ವ್ಯೂನಲ್ಲಿ ಚಿತ್ರ ಬೀಳೋ ಸೆನ್ಸರೇ ನೋಡೋದು. ಅದಕ್ಕೇ ಎರಡನ್ನೂ ಹೋಲಿಸೋಕೆ ಹೇಳಿದ್ದು. ಮಿರರ್‌ಲೆಸ್ ಇರೋರು ಈ ಪ್ಯಾರಾ ಬಿಟ್ಟು ಮುಂದೆ ಹೋಗಬಹುದು, ಅದೃಷ್ಟವಂತರು.

ಗೀಜಗ_23 · ಸೋಮವಾರ ರಾತ್ರಿ 8:41

ವಿಆರ್ ವಿಷಯ ಬಂತಲ್ಲ, ಶಟರ್ 1/1000 ದಾಟಿದ ಮೇಲೆ ಅದನ್ನ ಆಫ್ ಮಾಡಬೇಕು ತಾನೇ? ನಾನು ಹಾಗೇ ಮಾಡೋದು, ವ್ಯತ್ಯಾಸ ಗೊತ್ತಾಗುತ್ತೆ.

ಹಳೇಟ್ರೈಪಾಡ್ · ಸೋಮವಾರ ರಾತ್ರಿ 8:55

ನಾನು ಆಫ್ ಮಾಡಲ್ಲ. ಚಿತ್ರಕ್ಕೆ ಬೇಡದಿದ್ರೂ ವ್ಯೂಫೈಂಡರ್ ನಿಲ್ಲುತ್ತೆ, ವ್ಯೂಫೈಂಡರ್ ನಿಂತ್ರೆ ಫೋಕಸ್ ಚುಕ್ಕಿ ಕಣ್ಣಿನ ಮೇಲೆ ನಿಲ್ಲುತ್ತೆ.

ಕಾಳಿ_ಕಣಿವಿ · ಸೋಮವಾರ ರಾತ್ರಿ 9:10

ನಾ ಹಾರೂ ಹಕ್ಕಿಗೆ ಆಫ್, ಕುಂತ ಹಕ್ಕಿಗೆ ಆನ್. ಇದರ ಮ್ಯಾಲೆ ನಾವು ಹೋದ ವರ್ಷನೂ ಜಗಳಾಡೇವಿ, ಬಿಡ್ರಿ. ಒಂದ ಮಾತು ಖರೆ: ವಿಆರ್ ನಿಮ್ಮ ಕೈ ನಡುಕ ಹಿಡೀತದ, ಹಕ್ಕಿ ಕುಣಿಯೂದನ್ನಲ್ಲ.

ಕೆರೆಏರಿ · ಬುಧವಾರ ಬೆಳಗ್ಗೆ 8:15

ಮಾಡಿದೆ! ಅಮ್ಮ "ಪಂಚಾಂಗದ ಫೋಟೊ ಯಾಕೋ ತೆಗೀತೀಯ" ಅಂತ ಎರಡು ಸಲ ಬಂದು ನೋಡಿ ಹೋದ್ರು.

ಫಿಲ್ಟರ್ ಇದ್ದಾಗ ಪ್ರತಿ ಅಕ್ಷರದ ಪಕ್ಕ ಒಂದು ನೆರಳು. ತೆಗೆದ ತಕ್ಷಣ "ರಾಹುಕಾಲ" ಅನ್ನೋದು ಕಡೆದಿಟ್ಟ ಹಾಗೆ ಓದೋಕೆ ಬಂತು. ಆರು ತಿಂಗಳು ಒಂದು ಬಿಟ್ಟಿ ಗಾಜಿನ ಹಿಂದಿಂದ ಲೋಕ ನೋಡಿದ್ದೀನಿ.

ಇನ್ನು ಫೋಕಸ್: ಲೈವ್ ವ್ಯೂನಲ್ಲಿ ಹತ್ತಕ್ಕೆ ಹತ್ತೂ ಸರಿ. ವ್ಯೂಫೈಂಡರಲ್ಲಿ ಹತ್ತರಲ್ಲಿ ಎಂಟು ಸ್ವಲ್ಪ ಮಂಕು. ಕ್ಯಾಲೆಂಡರ್ ಪಕ್ಕ ಒಂದು ಅಳತೆಪಟ್ಟಿ ಓರೆಯಾಗಿ ಇಟ್ಟು ನೋಡಿದೆ, ಫೋಕಸ್ ಪ್ರತಿ ಸಲ ಹಿಂದಕ್ಕೇ ಬೀಳ್ತಿದೆ. ಕಳ್ಳಿಪೀರದ ಹಿಂದಿನ ಹುಲ್ಲಿನ ಕಡ್ಡಿ ನೆನಪಾಯ್ತು. ಮೆನುವಿನಲ್ಲಿ ಫೋಕಸ್ ಹಿಂದೆ ಮುಂದೆ ಸರಿಸೋ ಎಎಫ್ ಫೈನ್ ಟ್ಯೂನ್‌ನಲ್ಲಿ -7 ಕೊಟ್ಟ ಮೇಲೆ ಸರಿಹೋಯ್ತು. ಝೂಮ್ ಲೆನ್ಸ್ ಆದ್ರಿಂದ 200ರಲ್ಲಿ ಬೇರೆ ಬೇಕೇನೋ, ನಾನು ಹೆಂಗೂ ಸದಾ 500ರಲ್ಲೇ ಇರೋದು.

ಶನಿವಾರ ಮತ್ತೆ ರಂಗನತಿಟ್ಟಿಗೆ. ದೋಣಿಗೆ ಏನಾದ್ರೂ ಸಲಹೆ?

ಕಾವೇರಿದಡ · ಬುಧವಾರ ಮಧ್ಯಾಹ್ನ 1:30

ನಮ್ಮೂರ ಮಗ್ಗುಲಲ್ಲೇ ಅದು, ಹೇಳ್ತೀನಿ ಕೇಳಿ.

ಮೊದಲನೇದು, ಮೊಣಕೈ ದೋಣಿ ಅಂಚಿಗೆ ಊರಬೇಡಿ. ಗಟ್ಟಿಯಾಗಿ ಊರಿದ್ರೆ ಒಳ್ಳೇದು ಅನ್ಸುತ್ತೆ, ಆದ್ರೆ ಹುಟ್ಟು ಹಾಕಿದ ಒಂದೊಂದು ಏಟೂ ಸೀದಾ ಲೆನ್ಸಿಗೆ ಬರುತ್ತೆ. ಮೊಣಕೈ ಎರಡೂ ಪಕ್ಕೆಗೆ ಒತ್ಕೊಂಡು, ಎಡಗೈ ಲೆನ್ಸಿನ ತುದಿ ಕಡೆ ಕೆಳಗಿಂದ ಹಿಡಿದು ಕೂತ್ಕಳಿ. ದೋಣಿ ಅಲುಗಾಟ ಸೊಂಟದಲ್ಲೇ ನಿಲ್ಲಬೇಕು. ಟ್ರೈಪಾಡ್ ತರಬೇಡಿ, ದೋಣಿಲಿ ಅದು ಮೂರು ಕಾಲಿನ ಶತ್ರು.

ಎರಡನೇದು, ದೋಣಿಯವ್ರ ಹತ್ರ ಮೊದ್ಲೇ ಮಾತಾಡ್ಬುಡಿ. ಯಾವ ಕಲ್ಲಿನ ಮೇಲೆ ಮೊಸಳೆ ಬಿಸಿಲು ಕಾಯಿಸುತ್ತೆ, ಯಾವ ನಡುಗಡ್ಡೆಯಲ್ಲಿ ಬಣ್ಣದ ಕೊಕ್ಕರೆ ಮರಿ ಇದೆ, ಎಲ್ಲಾ ಅವ್ರಿಗೆ ಗೊತ್ತು. "ಸೂರ್ಯ ಬೆನ್ನಿಗೆ ಬರೋ ಹಾಗೆ ನಿಲ್ಸಿ, ಹುಟ್ಟು ಎತ್ತಿಟ್ಕಳಿ" ಅಂದ್ರೆ ನಿಲ್ಲಿಸ್ತಾರೆ. ಹುಟ್ಟು ಎತ್ತಿದ ಮೇಲೆ ದೋಣಿ ಜಾರೋದು ನಿಲ್ಲೋಕೆ ಮೂರು ನಾಲ್ಕು ಸೆಕೆಂಡು ಬೇಕು. ಎಲ್ಲರೂ ಅಷ್ಟರೊಳಗೇ ಐವತ್ತು ಫೋಟೊ ಹೊಡೆದು ಮುಗಿಸಿರ್ತಾರೆ! ನೀವು ಆಮೇಲೆ ಶುರು ಮಾಡಿ.

ಶಟರ್ 1/1600 ಇಡಿ. ನಿಮ್ಮ ಲೆನ್ಸಲ್ಲಿ ವಿಆರ್‌ಗೆ ಸ್ಪೋರ್ಟ್ ಅಂತ ಇದೆ, ಅದಕ್ಕೆ ಹಾಕಿ. ಒಂದೇ ಚುಕ್ಕಿ ಫೋಕಸ್, ಕಂಟಿನ್ಯುಯಸ್ ಮೋಡ್. ಒಂದು ಸಲಕ್ಕೆ ನಾಲ್ಕೈದು ಫ್ರೇಮ್ ಸಾಕು. ಮೊದಲನೇ ಫ್ರೇಮು ಬೆರಳು ಒತ್ತಿದ ಜರ್ಕಿಗೆ ಹೋಗುತ್ತೆ, ಎರಡು ಮೂರರಲ್ಲಿ ಸಿಗುತ್ತೆ.

ಇಲ್ಲಿ ಇನ್ನೊಂದು ಅನುಕೂಲ ಇದೆ. ಸಲೀಂ ಅಲಿ ಹೇಳಿ ಮಹಾರಾಜರು ಇದನ್ನ ಧಾಮ ಮಾಡಿದ್ದು 1940ರಲ್ಲಿ. ಅಲ್ಲಿಂದೀಚೆಗೆ ಎಷ್ಟೋ ತಲೆಮಾರಿನ ಹಕ್ಕಿಗಳು ದೋಣಿ ನೋಡ್ಕೊಂಡೇ ಬೆಳೆದಿವೆ, ಹತ್ತಿರ ಹೋದ್ರೂ ಹೆದರಲ್ಲ. ಹತ್ತಿರ ಅಂದ್ರೆ ನಡುವೆ ಗಾಳಿ ಕಮ್ಮಿ, ಕ್ರಾಪ್ ಮಾಡೋದು ಕಮ್ಮಿ. ಆದ್ರೆ ಹೋಗೋ ಮುಂಚೆ ಫೋನ್ ಮಾಡಿ ಕೇಳಿ, ಕೆಆರ್‌ಎಸ್‌ನಿಂದ ನೀರು ಜಾಸ್ತಿ ಬಿಟ್ರೆ ದೋಣಿನೇ ಬಿಡಲ್ಲ.

ಹೊಸಕ್ಲಿಕ್ · ಬುಧವಾರ ಸಂಜೆ 6:12

ಹತ್ತಿರ ಬೇಕು ಅಂದ್ರೆ ಮೊಬೈಲಲ್ಲಿ ಹಕ್ಕಿ ಕೂಗು ಹಾಕಿದ್ರೆ ಆಯ್ತಲ್ಲ? ಎರಡೇ ನಿಮಿಷದಲ್ಲಿ ಎದುರಿಗೇ ಬಂದು ಕೂರುತ್ತೆ.

ಕಾಳಿ_ಕಣಿವಿ · ಬುಧವಾರ ಸಂಜೆ 6:20

ನಿಮ್ಮ ಮನಿ ಮುಂದ ಯಾರರೆ ನಿಂತು "ಈ ಮನಿ ನಂದು, ಹೊರಗ ಬಾ" ಅಂತ ದಿನಾ ಒದರಿದ್ರ ನೀವು ಮರಿಗೆ ಊಟ ಹಾಕ್ತೀರೋ, ಜಗಳಕ್ಕ ಬರ್ತೀರೋ? ಹಕ್ಕಿ ಬರೂದು ಜಗಳಕ್ಕ. ಇಲ್ಲಿ ಇದನ್ನ ಮತ್ತ ಬರೀಬ್ಯಾಡ್ರಿ.

ಬಯಲುಸೀಮೆ · ಬುಧವಾರ ರಾತ್ರಿ 9:00

ಹೊಸಕ್ಲಿಕ್ ಅವರೇ, ಹತ್ತಿರವೇ ಬೇಕಾದ್ರೆ ಕೊಕ್ಕರೆ ಬೆಳ್ಳೂರಿಗೆ ಹೋಗಿ. ಮದ್ದೂರು ತಾಲೂಕು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಊರೊಳಗಿನ ಹುಣಸೆಮರದಲ್ಲೇ ಗೂಡು ಕಟ್ಟುತ್ತವೆ, ಕೆಳಗೆ ಜನ ಹಸು ಕಟ್ಟಿರ್ತಾರೆ. ದೋಣಿ ಇಲ್ಲ, ಜೀಪ್ ಇಲ್ಲ, ಕಾಲು ನೆಲದ ಮೇಲೆ. ಬೆಳಗ್ಗೆ ಹೊತ್ತು ಕಡ್ಡಿ ಕಚ್ಚಿಕೊಂಡು ಅದೇ ದಾರಿಯಲ್ಲಿ ಮತ್ತೆ ಮತ್ತೆ ಹಾರಿ ಬರುತ್ತವೆ. ಹಾರೋದನ್ನ ಕಲಿಯೋಕೆ ಅದಕ್ಕಿಂತ ಒಳ್ಳೆ ಶಾಲೆ ನಾನು ನೋಡಿಲ್ಲ.

ಕೆರೆಏರಿ · ಭಾನುವಾರ ರಾತ್ರಿ 8:20

ವಾಪಸ್ ಬಂದೆ. 310 ಫೋಟೊ, 64 ಶಾರ್ಪ್. ಹೋದ ಸಲ 1,400ಕ್ಕೆ 11!

ಚಮಚಕೊಕ್ಕಿನ ಫೋಟೊ ಹಾಕಿದ್ದೀನಿ. 1/1600, ಐಎಸ್‌ಓ 1250. ಕಣ್ಣಲ್ಲಿ ದೋಣಿಯೂ ದೋಣಿಯಲ್ಲಿ ಕೂತ ನಾನೂ ಕಾಣ್ತಿದ್ದೀವಿ. ದೋಣಿಯವರು ಹುಟ್ಟು ಎತ್ತಿದ ಮೇಲೆ ಮನಸ್ಸಲ್ಲೇ ನಾಲ್ಕು ಎಣಿಸಿದೆ. ಪಕ್ಕದಲ್ಲಿ ಕೂತಿದ್ದವರು "ಯಾಕ್ರೀ ತೆಗೀತಿಲ್ಲ, ಕ್ಯಾಮೆರಾ ಕೈಕೊಡ್ತಾ" ಅಂತ ಕೇಳಿದ್ರು.

ಆದ್ರೆ ಹಾರೋವೆಲ್ಲ ಹೋದವು. ನದಿ ರೀವ ತಲೆ ಮೇಲೆ ನಾಲ್ಕು ಸಲ ಸುತ್ತಿತು, ನಾಲ್ಕು ಸಲವೂ ಖಾಲಿ ಆಕಾಶ. ಫೋಕಸ್ ಹತ್ತಿರದಿಂದ ದೂರಕ್ಕೆ ಓಡಿ, ಮತ್ತೆ ಹತ್ತಿರಕ್ಕೆ ಬರೋಷ್ಟರಲ್ಲಿ ಅದು ಶ್ರೀರಂಗಪಟ್ಟಣ ದಾಟಿತ್ತು.

ಹಳೇಟ್ರೈಪಾಡ್ · ಭಾನುವಾರ ರಾತ್ರಿ 9:05

ಆ ಕಣ್ಣಿನೊಳಗಿನ ದೋಣಿ ನೋಡಿ ಖುಷಿಯಾಯ್ತು.

ರೀವದಿಂದ ಯಾರೂ ಶುರು ಮಾಡಲ್ಲ. ಲೆನ್ಸ್ ಪಕ್ಕದಲ್ಲಿ ಫೋಕಸ್ ಮಿತಿಯ ಸ್ವಿಚ್ ಇದೆ, ಆರು ಮೀಟರಿಂದ ಆಚೆಗೆ ಹಾಕಿ. ಆಗ ಅದು ಹತ್ತಿರಕ್ಕೆಲ್ಲ ಓಡಿ ಹುಡುಕಾಡಲ್ಲ. ಹಕ್ಕಿಯನ್ನ 500ರಲ್ಲಿ ಹುಡುಕಬೇಡಿ, 300ರಲ್ಲಿ ಹಿಡಿದು ಆಮೇಲೆ ಎಳೀರಿ. ಫೋಕಸ್ ಕೆಲಸವನ್ನ ಶಟರ್ ಗುಂಡಿಯಿಂದ ಬಿಡಿಸಿ ಹಿಂದಿನ ಗುಂಡಿಗೆ ಕೊಡಿ, ಹೆಬ್ಬೆರಳು ಹಿಡಿದಿರಲಿ, ತೋರುಬೆರಳು ಕಾಯಲಿ. ಶಟರ್ 1/2500. ಸೆಕೆಂಡಿಗೆ ಹತ್ತು ಮೀಟರ್ ಹೋಗೋ ಹಕ್ಕಿ 1/1000ರಲ್ಲೂ ಒಂದು ಸೆಂಟಿಮೀಟರ್ ಮುಂದೆ ಹೋಗಿರುತ್ತೆ. 1/2500 ಆದ್ರೆ ನಾಲ್ಕು ಮಿಲಿಮೀಟರ್.

ಅಭ್ಯಾಸಕ್ಕೆ ಮನೆ ಹತ್ತಿರದ ಹದ್ದು ಸಾಕು. ಸಂತೆ ಬೀದಿ, ಮಾಂಸದಂಗಡಿ ಹಿಂದೆ ದಿನಾ ಸುತ್ತುತ್ತಿರುತ್ತವೆ, ನಿಧಾನ, ದೊಡ್ಡದು, ಟಿಕೆಟ್ ಇಲ್ಲ. ಅದಾದ ಮೇಲೆ ಪಾರಿವಾಳ. ಕಾಗೆ ಬೇಡ, ಕಪ್ಪು ಮೈ ಮೇಲೆ ಫೋಕಸ್ಸಿಗೆ ಹಿಡಿಯೋಕೆ ಅಂಚೇ ಸಿಗಲ್ಲ.

ಟಿ.ಎನ್.ಎ. ಪೆರುಮಾಳ್ ಅವರು ಬೆಂಗಳೂರಿನಿಂದ ಹೋಗಿ ಕಾಡಿನ ಫೋಟೊ ತೆಗೀತಿದ್ದ ಶುರುವಿನ ಕಾಲದಲ್ಲಿ ಆಟೋಫೋಕಸ್ ಇರಲಿಲ್ಲ, ಒಂದು ರೋಲಿಗೆ 36 ಫ್ರೇಮ್. ನಿಮಗೆ ಒಂದು ದಿನಕ್ಕೆ 36 ಅಂತ ಮಿತಿ ಹಾಕಿಕೊಂಡು ಒಮ್ಮೆ ಹದ್ದು ತೆಗೆದು ನೋಡಿ, ಕೈ ಬೇರೆ ಥರ ಕೆಲಸ ಮಾಡುತ್ತೆ.

ಕೆರೆಏರಿ · ಭಾನುವಾರ ರಾತ್ರಿ 9:30

ಸರಿ ಸಾರ್, ಹದ್ದಿನಿಂದ ಶುರು. ಮುಂದಿನ ತಿಂಗಳು ಕಬಿನಿ ಸಫಾರಿ, ಅದಾದ ಮೇಲೆ ದರೋಜಿ ಕರಡಿಧಾಮ. ಜೀಪಿಗೆ ಅಂತ ಹಳೇ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ ಬೀನ್ ಬ್ಯಾಗ್ ಹೊಲಿಸಿ ಎರಡು ಕೆಜಿ ರಾಗಿ ತುಂಬಿದ್ದೆ, ಲೆನ್ಸ್ ಅಚ್ಚು ಹೊಯ್ದ ಹಾಗೆ ಕೂರ್ತಿತ್ತು.

ಕಾವೇರಿದಡ · ಭಾನುವಾರ ರಾತ್ರಿ 9:41

ಚೆನ್ನಾಗ್ ಮಾಡಿದ್ರಿ. ಹುಲಿ ಬಂತು ಅಂದ ತಕ್ಷಣ ಜೀಪಲ್ಲಿ ಎಲ್ಲರೂ ಒಂದೇ ಕಡೆಗೆ ಎದ್ದು ನುಗ್ತಾರೆ, ನೀವು ಚೀಲ ಒತ್ಕೊಂಡು ಕೂತೇ ಇರಿ. ಇಂಜಿನ್ ಆಫ್ ಮಾಡೋಕೆ ಡ್ರೈವರ್‌ಗೆ ಮೊದ್ಲೇ ಹೇಳಿಟ್ಟಿರಿ, ಗಾಡಿ ಗುರುಗುಟ್ತಿದ್ರೆ ಚೀಲ ಇದ್ರೂ ನಡುಕ ಬರುತ್ತೆ. ಹುಲಿ ನಡೀತಿದ್ರೆ 1/500 ಸಾಕು, ಅದಕ್ಕೇನು ಅರ್ಜೆಂಟ್ ಇರಲ್ಲ.

ಬಯಲುಸೀಮೆ · ಭಾನುವಾರ ರಾತ್ರಿ 9:50

ದರೋಜಿಯಲ್ಲಿ ಮಾತ್ರ ನೆನಪಿರಲಿ: ವೀಕ್ಷಣಾ ಗೋಪುರದಿಂದ ಕರಡಿ ಇಳಿಯೋ ಬಂಡೆಗುಡ್ಡ ದೂರ, ಬಂಡೆ ಇಡೀ ದಿನ ಕಾದಿರುತ್ತೆ. ಮಧ್ಯಾಹ್ನ ಮೊದಲ ಕರಡಿ ಕಂಡ ತಕ್ಷಣ ಕಾರ್ಡ್ ತುಂಬಿಸಿಬಿಡಬೇಡಿ. ಸಂಜೆ ನೆರಳು ಬಂಡೆ ಮೇಲೆ ಬಿದ್ದ ಮೇಲೆ ಬರೋ ಕರಡಿಗೆ ಕಾಯಿರಿ.

ಕೆರೆಏರಿ · ಸೋಮವಾರ ಬೆಳಗ್ಗೆ 7:10

ಸಣ್ಣ ಅಡಚಣೆ. ಬೀನ್ ಬ್ಯಾಗ್ ಅಂತ ಗೊತ್ತಿಲ್ಲದೆ ಅಮ್ಮ ಇವತ್ತು ಚೀಲ ಬಿಚ್ಚಿ ರಾಗಿಯನ್ನ ಮಿಲ್ಲಿಗೆ ಕಳಿಸಿಬಿಟ್ಟಿದ್ದಾರೆ. ಅದರ ಬದಲು ಮರಳು ತುಂಬಿಸಲಾ?

ಕಾವೇರಿದಡ · ಸೋಮವಾರ ಬೆಳಗ್ಗೆ 7:22

ಮರಳು ಬ್ಯಾಡ, ಹೊಲಿಗೆ ಸಂದಿಯಿಂದ ಸೋರಿ ಝೂಮ್ ರಿಂಗ್ ಒಳಕ್ಕೆ ಹೋದ್ರೆ ಕರಕರ ಅನ್ನುತ್ತೆ. ಖಾಲಿ ಚೀಲ ಮಡಿಸಿ ತಗೊಂಡ್ಹೋಗಿ, ದರೋಜಿಗೆ ಹೋಗೋವಾಗ ಹೊಸಪೇಟೆಲಿ ಎರಡು ಕೆಜಿ ಕಡಲೆ ತಗೊಂಡು ತುಂಬ್ಕಳಿ. ವಾಪಸ್ ಬಂದ್ಮೇಲೆ ಅದನ್ನೂ ಅಮ್ಮನಿಗೇ ಕೊಡಿ.